ಡೀಲಿಯಾ ಮನೆಯ ಮೊಳೆಗೆ ಕೀಲಿ ಮರಳಿಸಿ

ಸ್ಮಾರಕಗಳ ಉಸ್ತುವಾರಿ ಹೊತ್ತ ಮಾನ್ಯರೇ,

ಕಿಲ್‌ಫಾರ್ನಾದ ಪಾಳು ಗೋಪುರಮನೆ ಮತ್ತು ಅದರ ಮಗ್ಗುಲ ಮುರುಕು ಚರ್ಚಿನ ಸ್ಮಶಾನ, ಎರಡಕ್ಕೂ ಇರುವುದು ಒಂದೇ ಗೇಟು. ಅದಕ್ಕೆ ತಾವು ಹಾಕಿಸಿದ ಬೀಗದಿಂದಾಗಿ ಕಳೆದ ವಾರ ನಾವು ಒಬ್ಬ ಹೆಂಗಸಿನ ಶವಪೆಟ್ಟಿಗೆಯನ್ನು ಗೋಡೆ ದಾಟಿಸಿ ಹೂಳಬೇಕಾಯಿತು. ಬೈಯುವಷ್ಟು ತ್ರಾಣ ನನ್ನಲ್ಲಿ ಉಳಿದಿಲ್ಲ. ನಡೆದದ್ದನ್ನು ಹೇಳುತ್ತೇನೆ, ಅಷ್ಟೇ.

ಆಕೆ ಡೀಲಿಯಾ ಕಾನ್ಸಿಡೈನ್. ಮದುವೆಯಾಗಿ ಬಂದಾಗಿನಿಂದ ಗೇಟಿನ ಕೀಲಿ ಅವರ ಅಡುಗೆಮನೆ ಬಾಗಿಲ ಹಿಂದಿನ ಮೊಳೆಯಲ್ಲಿತ್ತು. ಗೋಪುರ ನೋಡಲು ಅಪರೂಪಕ್ಕೆ ಯಾರಾದರೂ ಬಂದರೆ ಕೀಲಿಯ ಜೊತೆ ಚಹಾ, ಸೋಡಾ ಬ್ರೆಡ್ಡು, ಮೆಟ್ಟಿಲು ಜಾರುತ್ತದೆಂಬ ಎಚ್ಚರಿಕೆ ಎಲ್ಲವೂ ಸಿಗುತ್ತಿತ್ತು. ಹೋದ ವರ್ಷ ತಮ್ಮ ಕಚೇರಿ ‘ಸುರಕ್ಷತೆಗಾಗಿ’ ಬೀಗ ಬದಲಿಸಿ, ಹೊಸ ಕೀಲಿಯನ್ನು ನಗರದಲ್ಲೇ ಇಟ್ಟುಕೊಂಡಿತು. ರಸ್ತೆ ಬದಿಗೆ ‘ಸಂದರ್ಶಕರಿಗೆ ಸ್ವಾಗತ’ ಎಂಬ ಫಲಕವನ್ನೂ ನೆಟ್ಟಿತು. ಏನನ್ನು ನೋಡಲು ಸ್ವಾಗತ, ಬೀಗವನ್ನೇ? ಈಗ ಯಾರೂ ಬರುವುದಿಲ್ಲ. ಯಾರೂ ಬರದ ಜಾಗದ ಕೀಲಿ ಊರಿನವರಿಗೆ ಯಾಕೆ ಎಂದು ತಾವೇ ಕೇಳುತ್ತೀರಿ. ಒಳಗೆ ಮಲಗಿರುವವರೆಲ್ಲ ನಮ್ಮವರೆಂಬುದು ಯಾರಿಗೂ ಹೊಳೆಯಲಿಲ್ಲವೇನೋ.

ಡೀಲಿಯಾ ತೀರಿಕೊಂಡಿದ್ದು ಶುಕ್ರವಾರ ಸಂಜೆ. ಸೋಮವಾರ ಮಣ್ಣು ಮಾಡಬೇಕಿತ್ತು. ನಮ್ಮಲ್ಲಿ ಗುಂಡಿ ತೋಡುವವರು ನೆರೆಯವರೇ. ಆದರೆ ಸೋಮವಾರ ಹೊಸದಾಗಿ ಗುಂಡಿ ತೆಗೆಯುವಂತಿಲ್ಲ, ಅಪಶಕುನವೆಂದು ಹಿರಿಯರ ಕಾಲದ ನಂಬಿಕೆ. ಹಿಂದಿನ ದಿನವೇ ಒಂದು ಹೆಂಟೆಯನ್ನಾದರೂ ಮಗುಚಿಡಬೇಕು. ಭಾನುವಾರ ತಮ್ಮ ಫೋನು ಬಡಿದುಕೊಂಡು ಬಡಿದುಕೊಂಡು ಸುಮ್ಮನಾಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನುತ್ತಾರಲ್ಲ, ಇಲ್ಲಿ ಪಾದ್ರಿಗಳು ಒಪ್ಪಿದರೂ ಬೀಗ ಒಪ್ಪಲಿಲ್ಲ. ನಾನು ಸಲಿಕೆ ಹಿಡಿದು ಗೋಡೆ ಹತ್ತಿದೆ. ಸೋಮವಾರ ಬೆಳಿಗ್ಗೆ ಫೋನಿಗೆ ಸಿಕ್ಕ ತಮ್ಮ ಸಿಬ್ಬಂದಿ, ಗುರುವಾರ ಯಾರನ್ನಾದರೂ ಕಳಿಸುತ್ತೇವೆ ಎಂದರು.

ಪೆಟ್ಟಿಗೆ ಗೋಡೆಯ ಮೇಲೆ ವಾಲಿದಾಗ ಆಕೆಯ ಗಂಡ ಸೆನನ್ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದರು.

“ಬಂದೋರಿಗೆಲ್ಲ ಬಾಗಿಲು ತೆಗೆದೋಳು ಕಣ್ರೋ ಇವಳು. ನಿಧಾನಕ್ಕೆ ಹಿಡೀರಿ.”

“ಬೀಗ ಒಡೆದುಬಿಡೋಣ್ವಾ, ಸೆನನಣ್ಣ?” ಎಂದೆ.

“ಬೇಡ. ಒಡೆದ್ರೆ ಇನ್ನೆರಡು ಹಾಕ್ತಾರೆ. ನಾನು ಹೆಂಗಾದ್ರೂ ಮಾಡಿ ಮಂಗಳವಾರ ಸಾಯ್ತೀನಿ ಬಿಡು, ಕಚೇರಿ ತೆಗ್ದಿರುತ್ತೆ.”

ಯಾರೋ ನಕ್ಕರು. ನನಗೆ ಅಳು ಬಂತು.

ಸೆನನ್‌ಗೆ ಎಂಬತ್ತು ದಾಟಿದೆ, ಎದೆಯೂ ಸರಿಯಿಲ್ಲ. ಹೆಂಡತಿಯ ಪಕ್ಕಕ್ಕೆ ಅವರಾದರೂ ಗೇಟಿನಿಂದಲೇ ಹೋಗಬೇಕು. ನಮಗೆ ಅನುದಾನ ಬೇಡ, ಇನ್ನೊಂದು ಫಲಕವೂ ಬೇಡ. ಕೀಲಿಯನ್ನು ಅವರ ಮನೆಗೆ ತಂದುಕೊಡಿ. ಆ ಮೊಳೆ ಇನ್ನೂ ಖಾಲಿಯಿದೆ. ಅವರು ಅದಕ್ಕೆ ತಮ್ಮ ಟೋಪಿಯನ್ನೂ ತೂಗುಹಾಕುವುದಿಲ್ಲ.

ಇಂತಿ, ತಮ್ಮ ಗೋಡೆ ಹಾರಿದ,
ಮತ್ತೊಮ್ಮೆ ಹಾರಲು ಮಂಡಿಯಲ್ಲಿ ಬಲವಿಲ್ಲದ
ನೆರೆಮನೆಯವ,
ಕಿಲ್‌ಫಾರ್ನಾ, ಪಶ್ಚಿಮ ಐರ್ಲೆಂಡ್