ಕುದ್ದು ಆರಿದ ನೀರು

ದಿಗ್ಗೇವಾಡಿ
೧೪-೧೨-೨೦೦೮, ರವಿವಾರ

ಚಿ. ಸೌ. ಶುಭಾಂಗಿಗೆ ನಿನ್ನ ಅಪ್ಪನ ಜೈಭೀಮ ಮತ್ತು ಆಶೀರ್ವಾದ.

ನಿನ್ನ ಪತ್ರ ಬಂದು ತಿಂಗಳಾಯಿತು. ಉತ್ತರ ಬರೆಯಲು ಕೂತಾಗೆಲ್ಲ ನಿನ್ನ ಅವ್ವನನ್ನು ಒಂದು ಮಾತು ಕೇಳೋಣ ಅನಿಸುತ್ತಿತ್ತು. ಕೇಳಲು ಅವಳೆಲ್ಲಿದ್ದಾಳೆ? ಪೆನ್ನು ಮುಚ್ಚಿಡುತ್ತಿದ್ದೆ. ಸಿಟ್ಟಾಗಬೇಡ.

ಇಚಲಕರಂಜಿಯಲ್ಲಿ ಏನು ಮಾಡಿದರೂ ಅವ್ವನ ಚಹಾದ ರುಚಿ ಬರುವುದಿಲ್ಲ ಎಂದು ಬರೆದಿದ್ದೀ. ನಿನ್ನ ಅತ್ತಿಗೆ ಕಾಂಚನಳದೂ ಇದೇ ಗೋಳು. ಹಾಲು, ನೀರು, ಸಕ್ಕರೆ, ಪುಡಿ ಎಲ್ಲ ಒಟ್ಟಿಗೆ ಸುರಿದು ಗ್ಯಾಸ್ ಹಚ್ಚುತ್ತಾಳೆ. ಪಾಪ, ನೌಕರಿಗೆ ಹೋಗುವ ಅವಸರ. ಅವ್ವ ಇದ್ದಿದ್ದರೆ, "ಇದು ಚಾ ಅಲ್ಲ, ಎಮ್ಮಿಗಿಡೋ ಮುಸರಿ" ಅನ್ನುತ್ತಿದ್ದಳು.

ಅವಳಿಗೆ ನೀರಿನದೇ ಕಾಳಜಿ. ಆಗಷ್ಟೇ ತುಂಬಿದ ನೀರೇ ಬೇಕು. ತಳದಲ್ಲಿ ಸಣ್ಣ ಗುಳ್ಳೆ ಎದ್ದಾಗ ಪುಡಿ ಹಾಕುವಂತಿಲ್ಲ. "ತಡೀರಿ, ಇನ್ನೂ ಗುಸುಗುಸು ಅನ್ನಾಕತ್ತೈತಿ, ಬಾಯಿ ಬಿಟ್ಟ ಮಾತಾಡ್ಲಿ" ಅನ್ನುತ್ತಿದ್ದಳು. ನೀರು ಹೊರಳಾಡಿ ಕುದಿದಾಗ ಪುಡಿ ಹಾಕಿ, ಉರಿ ತಗ್ಗಿಸಿ ಮುಚ್ಚುವುದು. ಹಾಲು ಬೇರೆ ಕಾಸಿ ಆಮೇಲೆ. ಒಮ್ಮೆ ಕುದ್ದು ಆರಿದ ನೀರನ್ನು ಮತ್ತೆ ಒಲೆಗೆ ಇಡುತ್ತಿರಲಿಲ್ಲ. ಜೀವ ಹೋದ ನೀರು ಎಂದು ಹಿತ್ತಲ ಕರಿಬೇವಿಗೆ ಹಾಕುತ್ತಿದ್ದಳು.

ಆ ಗಿಡ ಅಷ್ಟು ಸೊಂಪಾಗಿ ಬೆಳೆದಿದ್ದು ಯಾರಿಂದ, ನಿನಗೂ ಗೊತ್ತು. ನನ್ನ ಜೊತೆ ಶಾಲೆಯಲ್ಲಿ ಕಲಿಸುತ್ತಿದ್ದ ವಿರುಪಾಕ್ಷಪ್ಪ ಮಾಸ್ತರರು ಪ್ರತಿ ರವಿವಾರ ಬರುತ್ತಿದ್ದರು. ಅವ್ವ ನೀರಿಡುತ್ತಿದ್ದಳು. ಅದು ಕುದಿಯುವ ಹೊತ್ತಿಗೆ ಅವರು, "ಬ್ಯಾಡ್ರಿ ಅಕ್ಕಾರ, ಈಗಷ್ಟ ಕುಡದ ಬಂದೀನಿ" ಅನ್ನುತ್ತಿದ್ದರು. ನಮ್ಮ ಕೇರಿಯ ಮನೆಯಲ್ಲಿ ಬಾಯಿ ಮುಟ್ಟಿಸಿದರೆ ತಮ್ಮ ಜಾತಿಯವರು ಏನೆಂದಾರೋ ಎಂಬ ಅಂಜಿಕೆ ಅವರಿಗೆ. ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ನನ್ನ ಕಷ್ಟಕ್ಕೆ ಮಾತ್ರ ಮೊದಲು ಓಡಿ ಬಂದವರು ಅವರೇ.

"ಕುಡಿಯೂದಿಲ್ಲ ಅಂತ ಗೊತ್ತಿದ್ದೂ ಯಾಕ ಇಡತೀ?" ಎಂದು ನಾನು ರೇಗಿದರೆ ಅವಳು, "ಒಂದಿನ ಹೂಂ ಅಂದ್ರ? ನೀರ ತಯಾರ ಇರಬೇಕಲ್ಲ" ಅನ್ನುತ್ತಿದ್ದಳು. ಅವಳ ಆ ಆಸೆ ಕಂಡರೇ ನನಗೆ ಸಂಕಟವಾಗುತ್ತಿತ್ತು.

ಇರಲಿ. ನೀನು ಹೊಸ ನೀರಿಟ್ಟು, ಅವಸರ ಮಾಡದೆ ಕುದಿಸಿ ನೋಡು. ಅಳಿಯಂದಿರಿಗೆ ನನ್ನ ನಮಸ್ಕಾರ, ಮೊಮ್ಮಗ ಸಮಾಧಾನನಿಗೆ ಮುದ್ದು. ನಿನ್ನ ಮನೆ ತಣ್ಣಗಿರಲಿ.

ನಿನ್ನ ಅಪ್ಪ,
ರಾಜಾರಾಮ

ತಾ.ಕ.: ಹೋದ ರವಿವಾರ ಮಾಸ್ತರರು ಬಂದಿದ್ದರು. ರೂಢಿಯಂತೆ ನಾನೇ ನೀರಿಟ್ಟಿದ್ದೆ. ಅವ್ವನ ಫೋಟೋದ ಮುಂದೆ ಬಹಳ ಹೊತ್ತು ನಿಂತು, ಕಣ್ಣೊರೆಸಿಕೊಂಡು, "ಇವತ್ತ ಒಂದ ಕಪ್ ಚಾ ಕೊಡ್ರಿ" ಎಂದರು. ಅವಳಿದ್ದಾಗ ಬಾರದ ಮಾತು ಈಗ ಬಂತಲ್ಲ ಎಂದು ಸಿಟ್ಟು ಬಂತು. "ಈಗಷ್ಟ ಕುಡದ ಒಲಿ ಆರಿಸೇವ್ರಿ" ಅಂದುಬಿಟ್ಟೆ. ಒಳಗೆ ನೀರು ಕೊತಕೊತ ಕುದಿಯುವುದು ಇಬ್ಬರಿಗೂ ಕೇಳುತ್ತಿತ್ತು. ಅವರು ಚಪ್ಪಲಿ ಮೆಟ್ಟಿ ಹೋದರು. ಅವ್ವ ಆಗಿದ್ದರೆ ಕೊಟ್ಟೇ ಕೊಡುತ್ತಿದ್ದಳು, ಶುಭಾ. ಅವಳು ಜೀವಮಾನವೆಲ್ಲ ಕಾದ ಮಾತನ್ನು ನಾನು ಬಾಗಿಲಿಂದಲೇ ಕಳಿಸಿಬಿಟ್ಟೆ. ಇವತ್ತೂ ನೀರಿಟ್ಟು, ಬಾಗಿಲು ತೆರೆದು ಕೂತಿದ್ದೆ. ಅವರು ಬರಲಿಲ್ಲ. ಆರಿದ ನೀರನ್ನು ಕರಿಬೇವಿಗೆ ಹಾಕಿ ಬಂದು ಇದನ್ನು ಬರೆಯುತ್ತಿದ್ದೇನೆ.