ರೇಡಿಯೋ ಸುಮ್ಮನಾದ ದಿನ

ಭಾನುವಾರ, ಮಾರ್ಚ್ ೧೦

ಪ್ರೀತಿಯ ಪುಟ್ಟಿ,

ಚೆನ್ನಾಗಿದ್ದೀಯಾ? ನಿನ್ನ ಪತ್ರಕ್ಕೆ ಉತ್ತರ ಬರೆಯಲಿಲ್ಲವೆಂದು ಮುಖ ಊದಿಸಿಕೊಂಡಿರುತ್ತೀಯ, ಗೊತ್ತು. ಏನು ಮಾಡಲಿ, ಈ ಸೆಮಿಸ್ಟರ್ ನನ್ನ ತಲೆ ತಿಂದುಬಿಟ್ಟಿತು. ಇವತ್ತು ಉಸಿರು ಬಿಟ್ಟು ಕೂತಿದ್ದೇನೆ.

ನಮ್ಮ ವಿಭಾಗದಲ್ಲಿ ಹೊಸ ಕೋರ್ಸೊಂದು ನನ್ನ ಕೊರಳಿಗೆ ಬಿದ್ದಿದೆ. ನಮ್ಮ ವಿದ್ಯಾರ್ಥಿಗಳೂ ಬೇರೊಂದು ದೇಶದ ವಿಶ್ವವಿದ್ಯಾಲಯದವರೂ ಆನ್‌ಲೈನ್‌ನಲ್ಲಿ ಸೇರಿ ಒಂದು ಬಸ್ ತಂಗುದಾಣದ ನಕ್ಷೆ ಮಾಡಬೇಕು. ಬೇರೆ ರೀತಿ ಬೆಳೆದವರ ಜೊತೆ ಕೆಲಸ ಮಾಡುವುದನ್ನು ಕಲಿಯಲಿ ಎಂಬುದು ಉದ್ದೇಶ.

ವಾರವಾರವೂ ವಿಡಿಯೋ ಕರೆ. ನಮ್ಮ ತಂಡದ ನಾಯಕಿಗೆ ತರಗತಿಯವರು ಇಟ್ಟ ಹೆಸರು ರೇಡಿಯೋ. ಅವಳು ಪ್ರಶ್ನೆ ಕೇಳುತ್ತಾಳೆ, ಆ ಕಡೆಯವರು ಪರದೆಯಲ್ಲಿ ಕಣ್ಣು ಮಿಟುಕಿಸುತ್ತ ಕೂರುತ್ತಾರೆ, ಇವಳೇ ಉತ್ತರವನ್ನೂ ಹೇಳಿ ಮುಂದಕ್ಕೆ ಹೋಗುತ್ತಾಳೆ. "ಅವರಿಗೆ ಬಾಯೇ ಇಲ್ಲ ಮೇಡಂ, ಎಲ್ಲಾ ನಮ್ಮ ತಲೆ ಮೇಲೆ ಹಾಕಿದ್ದಾರೆ," ಎಂದು ನನ್ನ ಹತ್ತಿರ ಗೋಳು. ನಾನೂ ನಂಬಿದ್ದೆ.

ಹೋದ ತಿಂಗಳು ಆ ಕಡೆಯ ಮೇಷ್ಟ್ರ ಇಮೇಲ್ ಬಂತು. ನಮ್ಮವರು ಮಾತಾಡಲು ಬಿಡುವುದೇ ಇಲ್ಲವಂತೆ, ಅವರ ಮಕ್ಕಳು ಕೋರ್ಸನ್ನೇ ಬಿಡುತ್ತಾರಂತೆ. ಅವರು ಬಿಟ್ಟರೆ ಕೋರ್ಸ್ ರದ್ದು. ಕೊನೆಯ ವರ್ಷದ ನಮ್ಮ ಮಕ್ಕಳು ಪದವಿಯಿಲ್ಲದೆ ಇನ್ನೊಂದು ಸೆಮಿಸ್ಟರ್ ಕೊಳೆಯಬೇಕು. ಮೇಷ್ಟ್ರಿಗೇ ಫೋನ್ ಮಾಡಿ ವಿಚಾರಿಸಿದೆ. ಅವರ ಕಡೆ, ಯಾರಾದರೂ ಕೇಳಿದ ಕೂಡಲೇ ಬಾಯಿ ಬಿಡುವುದು ಒರಟುತನವಂತೆ. ಸ್ವಲ್ಪ ಹೊತ್ತು ಯೋಚಿಸಿದರೇ ಕೇಳಿದವರಿಗೆ ಮರ್ಯಾದೆ. ನಮಗೋ, ಒಂದು ಗಳಿಗೆ ಯಾರೂ ಮಾತಾಡದಿದ್ದರೆ ಏನೋ ಜಗಳವಾಗಿದೆ ಅನ್ನುವ ಕಸಿವಿಸಿ.

ರೇಡಿಯೋನ ಕರೆದು ಹೇಳಿದೆ, "ಪ್ರಶ್ನೆ ಕೇಳು, ಆಮೇಲೆ ನೀರು ಕುಡಿ."

"ಎಷ್ಟು ಮೇಡಂ?"

"ಅವರು ಮಾತಾಡೋವರೆಗೂ."

ಮೊನ್ನೆಯ ಕರೆಯಲ್ಲಿ ಪಾಪ, ಅವಳ ಬಾಟಲಿ ಮುಗಿಯುತ್ತ ಬಂದಿತ್ತು. ಪಕ್ಕದಲ್ಲಿ ಕೂತ ನನಗೇ ನಾಲಗೆ ತುರಿಸುತ್ತಿತ್ತು. ಆಗ ಆ ಕಡೆಯ ಕನ್ನಡಕದ ಹುಡುಗಿ ಮೆಲ್ಲಗೆ ಶುರು ಮಾಡಿದಳು. "ಮೊದಲನೇ ವಾರದಿಂದ ಹೇಳಬೇಕು ಅಂತಿದ್ದೆ. ನನ್ನ ತಮ್ಮ ಓಡಾಡೋದು ಗಾಲಿಕುರ್ಚಿಯಲ್ಲಿ. ನೀವು ಬರೆದಿರೋ ತಂಗುದಾಣದೊಳಗೆ ಅವನು ಬರೋಕೇ ಆಗಲ್ಲ."

ನಮ್ಮ ಹುಡುಗಿ ತಲೆ ತಗ್ಗಿಸಿದಳು. ಆಮೇಲೆ, "ಹೇಗಿರಬೇಕು, ನೀವೇ ಬರೀರಿ," ಅಂದಳು. ಇಬ್ಬರೂ ಸೇರಿ ಗೋಡೆ ಅಳಿಸಿದರು, ಮೆಟ್ಟಿಲು ಅಳಿಸಿದರು, ಲ್ಯಾಬಿನವನು ಬೀಗ ಹಿಡಿದು ಬಂದರೂ ಏಳಲಿಲ್ಲ. ಯಾರೂ ಬಿಡುವುದಿಲ್ಲವೆಂದು ನಿನ್ನೆ ಮೇಷ್ಟ್ರು ತಿಳಿಸಿದ್ದಾರೆ. ಹೋದ ಜೀವ ಬಂದಂತಾಯಿತು ಕಣೇ.

ಮಕ್ಕಳಿಗೆ ದೊಡ್ಡಮ್ಮನ ಮುತ್ತುಗಳು. ನಿನ್ನ ಮನೆ ಸದಾ ನಗುನಗುತ್ತಾ ಇರಲಿ.

ಇಂತಿ ನಿನ್ನ
ಅಕ್ಕ

ಮತ್ತೊಂದು ಮಾತು, ಫೋನಿನಲ್ಲಿ ಹೇಳಲಾಗದ್ದು. ನಿನ್ನ ಭಾವ ತೀರಿಹೋದಮೇಲೆ ನೀನು ತಪ್ಪದೆ ಫೋನ್ ಮಾಡುತ್ತೀಯ. "ಹೇಗಿದ್ದೀಯಕ್ಕ?" ಅನ್ನುತ್ತೀಯ. ನಾನು ಬಾಯಿ ತೆರೆಯುವ ಮೊದಲೇ ಮಕ್ಕಳ ಪರೀಕ್ಷೆ, ಪಕ್ಕದ ಮನೆಯವರ ಸುದ್ದಿ ಶುರು. ಅಕ್ಕ ಎಲ್ಲಿ ಅತ್ತುಬಿಡುತ್ತಾಳೋ ಎಂದು ಹೆದರಿಕೆ ನಿನಗೆ. ಅಳುತ್ತೇನೆ ಕಣೇ. ಮುಂದಿನ ಸಲ ಕೇಳಿದಮೇಲೆ ಸುಮ್ಮನಿರು. ನನಗೆ ಮಾತು ಹೊರಡಲು ಹೊತ್ತಾಗುತ್ತದೆ. ಫೋನ್ ಇಡಬೇಡ.