ಬಾಗಿದ ದೇಶ

28 ಫೆಬ್ರವರಿ 2025, ಶುಕ್ರವಾರ. ಕೊಟ್ಟೂರು.

ಆ ಒಂದು ಪದ ಬಳಸದೇ ಇದ್ದಿದ್ದರೆ ಇಷ್ಟು ಹೊತ್ತಿಗೆ ಮಲಗಿರುತ್ತಿದ್ದೆ. ದೇಶಕಾಲ. ಸ್ಪೇಸ್-ಟೈಮಿಗೆ ಕನ್ನಡದಲ್ಲಿ ಎಷ್ಟು ಚೆಂದದ ಪದ.

ವಿಜ್ಞಾನ ದಿನಕ್ಕೆ ನನ್ನ ಸಂಶೋಧನೆಯ ಬಗ್ಗೆ ಕಾಲೇಜಿನಲ್ಲಿ ಕನ್ನಡದಲ್ಲೇ ಮಾತಾಡುತ್ತೇನೆಂದು ಹಟ ಹಿಡಿದವಳು ನಾನೇ. ಭಾರವಿದ್ದ ಕಡೆ ದೇಶಕಾಲ ಬಾಗುತ್ತದೆ ಎಂದೆ. ಕಪ್ಪುಕುಳಿಯ ಹತ್ತಿರ ಹೋಗಿ ಆ ಬಾಗನ್ನು ನೋಡಲು ನಮ್ಮಿಂದಾಗದು, ಅದಕ್ಕೇ ಕ್ವಾಂಟಂ ಕಂಪ್ಯೂಟರಿನೊಳಗೆ ಅದರ ನಕಲು ಕಟ್ಟಿ ನೋಡುತ್ತೇವೆ ಎಂದೆ. ತಂಬ್ರಹಳ್ಳಿಯಿಂದ ಬರುವ ಸುಕನ್ಯಾ, ಕ್ಲಾಸಿನಲ್ಲಿ ಎಂದೂ ಬಾಯಿ ಬಿಡದ ಹುಡುಗಿ, ಎದ್ದು ನಿಂತು ಕೇಳಿದಳು:

"ಎಷ್ಟು ಭಾರ ಇದ್ರ ಬಾಗತೈತ್ರಿ ಮೇಡಂ?"

ನನಗೆ ಕಣ್ಣು ತುಂಬಿ ಬಂತು. ಉತ್ತರ ಹೇಳುವಷ್ಟರಲ್ಲಿ ಆಡಳಿತ ಮಂಡಳಿಯ ಅಧ್ಯಕ್ಷರು ಮೈಕು ಕಸಿದುಕೊಂಡರು.

"ನಮ್ಮ ದೇಶ ಯಾವ ಕಾಲಕ್ಕೂ ಬಾಗಂಗಿಲ್ಲ! ಮೇಡಂ ಅವರು ಇನ್ನೊಮ್ಮೆ ಹಿಂಗ ಮಾತಾಡಬಾರದು!"

ಚಪ್ಪಾಳೆಯೋ ಚಪ್ಪಾಳೆ.

ಪ್ರಿನ್ಸಿಪಾಲ್ ವೀರಭದ್ರಯ್ಯನವರು ಫಿಜಿಕ್ಸ್ ಓದಿದವರು, ಅವರಿಗೆ ಎಲ್ಲ ಅರ್ಥವಾಗಿತ್ತು. ಆದರೂ ವೇದಿಕೆಯ ಮೇಲೆ ಸುಮ್ಮನೆ ಕೂತಿದ್ದರು. ಆಮೇಲೆ ವರಾಂಡದಲ್ಲಿ ಪಕ್ಕಕ್ಕೆ ಕರೆದು, "ಇಂಗ್ಲಿಷಿನಾಗ ಹೇಳಿಬಿಡಬೇಕಿತ್ರಿ ಮೇಡಂ. ಯಾರಿಗೂ ತಿಳೀತಿದ್ದಿಲ್ಲ, ಎಲ್ಲಾರೂ ಭೇಷ್ ಅಂತಿದ್ರು" ಎಂದರು.

ಅವರನ್ನು ಬೈದು ಏನು ಬಂತು? ಸನ್ಮಾನದ ಶಾಲು ಇಲ್ಲೇ ಕುರ್ಚಿಯ ಮೇಲೆ ಬಿದ್ದಿದೆ. ಅಧ್ಯಕ್ಷರು ಕುಳ್ಳರು, ಆ ಚಪ್ಪಾಳೆಯ ನಡುವೆಯೇ ಅದನ್ನು ಹೊದಿಸಲು ಬಂದಾಗ ನನ್ನ ಹೆಗಲು ಅವರಿಗೆ ಎಟುಕಲಿಲ್ಲ. ಬರುವ ವರ್ಷವೂ ಗೆಸ್ಟ್ ಲೆಕ್ಚರರ್ ಕೆಲಸ ಬೇಕಲ್ಲ, ನಾನೇ ಬಾಗಿ ನಿಂತೆ. "ಥ್ಯಾಂಕ್ಸ್ ರೀ ಸರ್" ಅಂತ ಬೇರೆ ಅಂದೆ. ಎದುರಿಗೆ ಸುಕನ್ಯಾ ಇನ್ನೂ ಉತ್ತರಕ್ಕೆ ಕಾಯುತ್ತ ನಿಂತೇ ಇದ್ದಳು.

ಒಂದು ಶಾಲಿನಷ್ಟು ಭಾರ ಸಾಕು, ಸುಕನ್ಯಾ.